ಹಲಗಿ ಕಾಯಿಸುವ ಹೊತ್ತಿಗೆ ಬರ್ರಿ

ತಮ್ಮಂದಿರಾ, ತಂಗಿಯರಾ, ಮೊಹರಂ ವರ್ಷವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ನನ್ನ ಆಯುಷ್ಯದಲ್ಲಿ ಅದು ಬಿಸಿಲು, ಮಳೆ, ಚಳಿ ಮೂರರಲ್ಲೂ ಬಂದು ಹೋಗಿದೆ. ಚಳಿಗೆ ಬಂದ ವರ್ಷ ಹಬ್ಬಕ್ಕೆ ತೋಡಿದ ಅಲಾಯಿ ಕುಣಿಯ ಬೆಂಕಿಗೆ ಹಲಗಿ ಹಿಡಿದು ಕಾಯಿಸುತ್ತ ನಾವೂ ಮೈ ಕಾಯಿಸಿಕೊಳ್ಳುತ್ತಿದ್ದೆವು. ಆಮೇಲೆ ಮೊಹರಂನ ಹಾಡು, ರಿವಾಯತ್ ಶುರು. ಮುಂದಿನವ ನುಡಿ ಎತ್ತಿದರೆ ಹಿಂದಿನವರು ಹೆಜ್ಜೆ ಹಾಕುತ್ತ ಹಿಡಿಯುವರು. 680ರಲ್ಲಿ ಕರ್ಬಲಾದಲ್ಲಿ ನೀರಿಗೆ ಬಾಯಾರಿದ ಮಕ್ಕಳ ಗೋಳನ್ನು ಬರಗಾಲ ಕಂಡ ನಮ್ಮ ರೈತರು ಕನ್ನಡದಲ್ಲಿ ಹಾಡುತ್ತಿದ್ದರು. ಅವರೊಳಗೆ ಸಾಬರಿಗಿಂತ ಉಳಿದವರೇ ಹೆಚ್ಚು.

ಈಗ ಕುಣಿಯ ಪಕ್ಕದಲ್ಲೇ ಡಿಜೆ ತಂದು ನಿಲ್ಲಿಸುತ್ತೀರಿ. ಮುದುಕರ ಬಾಯಿ ಆಡುವುದು ಕಾಣುತ್ತದೆ, ಪದ ಕೇಳುವುದಿಲ್ಲ. ನೀವು ಅದನ್ನೂ ಮೊಬೈಲಿನಲ್ಲಿ ಹಿಡಿಯುತ್ತೀರಿ!

ಕೆಲವರು ಕಿವಿಯಲ್ಲಿ ಊದುತ್ತಾರೆ: ಅದು ಅವರ ಹಬ್ಬ, ನಿನಗ್ಯಾಕೆ? ಅಂಥವರ ಮಾತಿಗೆ ಕಿವಿಗೊಡಬೇಡಿ. ಕಡಕೋಳ ಮಡಿವಾಳಪ್ಪನವರ ಶಿಷ್ಯ ಚನ್ನೂರ ಜಲಾಲಸಾಹೇಬರು ಕನ್ನಡದಲ್ಲಿ ತತ್ವಪದ ಕಟ್ಟುವಾಗ ಇದು ಯಾರದೆಂದು ಕೇಳುತ್ತ ಕೂತಿರಲಿಲ್ಲ. ನಮ್ಮ ಸೈದಾಪುರ ಸ್ಟೇಷನ್ನಿಗೇ ಒಂದು ಕಾಲಕ್ಕೆ ಗಡಿಯಾಚೆಯ ತೆಲುಗು ಊರಿನ ಮೇಲೆ ನಾರಾಯಣಪೇಟ ರೋಡ್ ಅಂತ ಹೆಸರಿತ್ತು. ಆ ಪ್ಲಾಟ್‌ಫಾರ್ಮಿನಲ್ಲಿ ಕನ್ನಡ, ತೆಲುಗು, ದಖನಿ, ಲಂಬಾಣಿ ಕೇಳುತ್ತಲೇ ಬೆಳೆದವರು ನಾವು.

ಲಂಬಾಣಿ ತಾಂಡಾದ ಮಕ್ಕಳಿಗೂ ಒಂದು ಮಾತು. ಶ್ರಾವಣದ ತೀಜ್‌ಗೆ ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಬಿತ್ತಿ, ಒಂಬತ್ತು ದಿನ ನೀರು ಹಾಕುತ್ತ ಹಾಡುತ್ತಾರಲ್ಲ, ಅದನ್ನು ಕೇಳಲೆಂದೇ ನಾನು ಎಷ್ಟೋ ಸಲ ಸೈಕಲ್ ತುಳಿದಿದ್ದೇನೆ. 2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಹೆಚ್ಚು ಜನ ತಮ್ಮ ತಾಯಿನುಡಿ ಲಂಬಾಣಿ ಎಂದು ಬರೆಸಿದರು. ಸರ್ಕಾರ ಅದನ್ನು ಹಿಂದಿಯ ಲೆಕ್ಕಕ್ಕೆ ಹಾಕಿಕೊಂಡಿತು. ಸರ್ಕಾರದ ಮಾತು ಇರಲಿ, ಬಸ್ಸಿನಲ್ಲಿ ಅವ್ವನ ಜೊತೆ ಆ ಮಾತಾಡಲು ನೀವೇ ನಾಚುತ್ತೀರಲ್ಲ, ನನಗೆ ಅದೇ ಸಂಕಟ. ಲಿಪಿಯಿಲ್ಲ ಅಂತ ಸುಮ್ಮನಿರಬೇಡಿ, ಕನ್ನಡ ಅಕ್ಷರದಲ್ಲೇ ಬರೆದಿಡಿ.

ಬುದ್ಧಿ ಹೇಳುವ ನಾನೂ ತಪ್ಪು ಮಾಡಿದವನೇ. ನಮ್ಮ ಕಾಕಾ ರಿವಾಯತ್ ಪದಗಳನ್ನು ಒಂದು ಲೆಕ್ಕದ ಬುಕ್ಕಿನಲ್ಲಿ ಬರೆದಿಟ್ಟಿದ್ದ. ಅವನು ಹೋದ ಮೇಲೆ ಅದನ್ನು ಅಟ್ಟಕ್ಕೆ ಹಾಕಿದೆ. ಹನ್ನೆರಡು ವರ್ಷದ ಮೇಲೆ ತೆಗೆದರೆ ಗೆದ್ದಲು ತಿಂದು ರಟ್ಟು ಮಾತ್ರ ಉಳಿದಿತ್ತು. ಲೇಖಕ ರಹಮತ್ ತರೀಕೆರೆಯವರು ಕರ್ನಾಟಕದ ಮೊಹರಂ ಬಗ್ಗೆ ಪುಸ್ತಕವನ್ನೇ ಬರೆದರು. ನನಗೆ ನಮ್ಮ ಮನೆಯ ಒಂದು ಬುಕ್ಕು ಕಾಯಲು ಆಗಲಿಲ್ಲ.

ಗುಳೆ ಹೋದವರು ಬೆಂಗಳೂರು, ಮುಂಬೈಯಿಂದ ಹಬ್ಬಕ್ಕೆ ಹೇಗೂ ಬರುತ್ತೀರಿ. ಹಬ್ಬದ ಕೊನೆಯ ದಿನದ ಹಿಂದಿನ ಖತಲ್ ರಾತ್ರಿಗೆ ಬಂದು ಬೆಳಗ್ಗೆ ರೈಲು ಹತ್ತಬೇಡಿ. ಎರಡು ದಿನ ಮೊದಲೇ ಬನ್ನಿ. ಪದ ಬರೆದುಕೊಳ್ಳಲು ಇನ್ನೂರು ಪುಟದ ನೋಟ್‌ಬುಕ್ಕು ನಾನು ಕೊಡಿಸುತ್ತೇನೆ. ನಮ್ಮ ಓಣಿಯಲ್ಲಿ ಪೂರ್ತಿ ಪದ ಬಲ್ಲವರು ಈಗ ಇಬ್ಬರೇ. ಅವರಲ್ಲಿ ಒಬ್ಬರಿಗೆ ಕಣ್ಣು ಮಂಜಾಗಿದೆ, ಗಂಟಲು ಇನ್ನೂ ಗಟ್ಟಿ ಇದೆ. ಸಂಜೆ ಚಹಾ ಕುಡಿದ ಮೇಲೆ ಹಾಡುತ್ತಾರೆ.