ಬೆಲೆಯ ನ್ಯಾಯವೂ ಗ್ರಾಹಕನ ವಿವೇಕವೂ

ಹುಮನಾಬಾದಿನ ಸಂತೆಯಲ್ಲಿ ಜೋಳ ಕೊಳ್ಳುವವನು ಮೊದಲು ಧಾರಣೆ ಕೇಳುತ್ತಾನೆ. ಬಳಿಕ ಚೌಕಾಸಿ ಮಾಡುತ್ತಾನೆ. ಒಬ್ಬನಿಗೆ ತುಸು ಅಗ್ಗ, ಮತ್ತೊಬ್ಬನಿಗೆ ತುಸು ತುಟ್ಟಿ ಆಗುವುದುಂಟು. ಆದರೂ ಅಲ್ಲಿ ಅನ್ಯಾಯಕ್ಕೊಂದು ಮೇರೆಯಿದೆ. ಮಾರುವವನ ಮಾತು ಪಕ್ಕದಲ್ಲಿ ನಿಂತವನ ಕಿವಿಗೂ ಬೀಳುತ್ತದೆ. ಮೊಬೈಲಿನ ಅಂಗಡಿಯಲ್ಲಿ ಈ ಪಕ್ಕದವನೇ ಇಲ್ಲ. ಬಸವಕಲ್ಯಾಣದಲ್ಲಿ ಕುಳಿತವನಿಗೆ ಕಾಣುವ ಬೆಲೆ ಒಂದು, ಅದೇ ಗಳಿಗೆಯಲ್ಲಿ ಅನ್ಯರಿಗೆ ಕಾಣುವ ಬೆಲೆ ಮತ್ತೊಂದು ಆಗಿದ್ದರೂ ಇಬ್ಬರಿಗೂ ತಿಳಿಯದು.

ಈ ಬೆಲೆಯನ್ನು ಕಟ್ಟುವುದು ಮನುಷ್ಯನಲ್ಲ, ಆಲ್ಗರಿದಂ ಎಂಬ ಗಣನಾಕ್ರಮ. ಬೇಡಿಕೆ, ಹೊತ್ತು, ಸ್ಥಳ, ಉಳಿದ ಸರಕು ಇವನ್ನು ಲೆಕ್ಕಹಾಕಿ ಅದು ಬೆಲೆಯನ್ನು ಕ್ಷಣಕ್ಷಣಕ್ಕೂ ಬದಲಿಸಬಲ್ಲದು. ಕೊಳ್ಳುವವನ ಹಿಂದಿನ ಖರೀದಿಯನ್ನೂ ಅದು ಎಣಿಸಬಲ್ಲದು. ಬೆಲೆ ಏರಿಳಿಯುವುದೇ ದೋಷವಲ್ಲ. ಸುಗ್ಗಿಯ ಧಾರಣೆ ಬೇರೆ, ಬರಗಾಲದ ಧಾರಣೆ ಬೇರೆ. ಹಾಗಾದರೆ ಜನರು ಅನ್ಯಾಯವೆಂದು ಭಾವಿಸುವುದು ಯಾವುದನ್ನು?

1986ರಲ್ಲಿ ಕಾಹ್ನೆಮನ್, ನೆಟ್ಷ್ ಮತ್ತು ಥೇಲರ್ ಎಂಬ ಮೂವರು ವಿದ್ವಾಂಸರು ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಹಿಮ ಎತ್ತುವ ಸಲಿಕೆಯನ್ನು 15 ಡಾಲರಿಗೆ ಮಾರುತ್ತಿದ್ದ ಅಂಗಡಿಯವನು ಹಿಮಪಾತದ ಮರುದಿನ 20 ಡಾಲರು ಕೇಳಿದರೆ ಅದು ನ್ಯಾಯವೇ ಎಂದು ಕೆನಡಾದ ಜನರನ್ನು ಕೇಳಲಾಗಿತ್ತು. ನೂರಕ್ಕೆ 82 ಮಂದಿ ಅನ್ಯಾಯವೆಂದರು. ಮಾರುವವನಿಗೆ ಖರ್ಚು ಹೆಚ್ಚಿ ಬೆಲೆ ಏರಿದರೆ ಜನ ಸಹಿಸುತ್ತಾರೆ. ತಮ್ಮ ಸಂಕಟವೇ ಆತನ ಲಾಭವಾದರೆ ಸಹಿಸುವುದಿಲ್ಲ. ದೀಪಾವಳಿಗೆ ಬೆಂಗಳೂರಿನಿಂದ ಈ ಸೀಮೆಗೆ ಮರಳುವ ದುಡಿಮೆಗಾರರು ಖಾಸಗಿ ಬಸ್ಸಿನ ದರ ಕಂಡು ನೊಂದುಕೊಳ್ಳುವುದು ಇದೇ ಕಾರಣಕ್ಕೆ.

ಎರಡನೆಯ ಕಾರಣ ಗುಟ್ಟು. 2016ರಲ್ಲಿ ಭಾರತೀಯ ರೈಲ್ವೆಯು ರಾಜಧಾನಿ, ಶತಾಬ್ದಿ, ದುರಂತೋ ಗಾಡಿಗಳಲ್ಲಿ ಏರುದರವನ್ನು ತಂದಿತು. ನೂರಕ್ಕೆ 10ರಷ್ಟು ಸ್ಥಾನಗಳು ಮಾರಾಟವಾದಂತೆಲ್ಲ ಮೂಲದರ ನೂರಕ್ಕೆ 10ರಂತೆ, ಒಂದು ಮಿತಿಯವರೆಗೆ, ಏರುವ ಕ್ರಮವದು. ಜನರು ಗೊಣಗಿದರು ನಿಜ. ಆದರೆ ನಿಯಮ ಎಲ್ಲರ ಕಣ್ಣೆದುರಿಗಿತ್ತು. ನಿಯಮವೇ ಕಾಣದಿದ್ದಲ್ಲಿ ಗೊಣಗಾಟವು ಸಂಶಯವಾಗುತ್ತದೆ.

ಅನ್ಯಾಯದ ಬೆಲೆಗೆ ಗ್ರಾಹಕರು ತೋರುವ ಪ್ರತಿಕ್ರಿಯೆಗಳನ್ನು ನಾಲ್ಕಾಗಿ ವಿಂಗಡಿಸಬಹುದು: ಸಹನೆ, ತ್ಯಾಗ, ದೂರು, ಸಂಘಟನೆ.

ಅನಿವಾರ್ಯತೆಯಿಂದ ತೆತ್ತು ಸುಮ್ಮನಾಗುವುದು ಸಹನೆ. ಇದರಿಂದ ಮಾರುವವನಿಗೆ ಪಾಠವಾಗದು. ಆ ಅಂಗಡಿಯನ್ನೇ ಬಿಟ್ಟು ಬೇರೆಡೆಗೆ ಹೋಗುವುದು ತ್ಯಾಗ. ಬೇರೆ ಅಂಗಡಿ ಇದ್ದಲ್ಲಿ ಮಾತ್ರ ಇದು ಸಾಧ್ಯ.

ದೂರಿನ ಫಲಕ್ಕೆ ಅಮೆರಿಕದ ನಿದರ್ಶನವಿದೆ. 2000ದಲ್ಲಿ ಅಮೆಜಾನ್ ಕಂಪನಿಯು ಒಂದೇ ಚಲನಚಿತ್ರದ ಡಿವಿಡಿಗೆ ಬೇರೆ ಬೇರೆ ಗ್ರಾಹಕರಿಂದ ಬೇರೆ ಬೇರೆ ಬೆಲೆ ಪಡೆದದ್ದು, ಗ್ರಾಹಕರು ತಮ್ಮತಮ್ಮಲ್ಲೇ ಬೆಲೆಗಳನ್ನು ಹೋಲಿಸಿದಾಗ ಬಯಲಾಯಿತು. ಅದು ಯಾದೃಚ್ಛಿಕ ಪರೀಕ್ಷೆಯೆಂದು ಕಂಪನಿ ಹೇಳಿತು. ಆದರೂ ಹೆಚ್ಚು ತೆತ್ತವರಿಗೆ ಹಣ ಮರಳಿಸಿತು.

ಸಂಘಟನೆಗೆ ಬೆಂಗಳೂರೇ ಸಾಕ್ಷಿ. 2022ರಲ್ಲಿ ಅಲ್ಲಿ ಆಟೋರಿಕ್ಷಾಕ್ಕೆ ಮೊದಲ 2 ಕಿಲೋಮೀಟರಿಗೆ 30 ರೂಪಾಯಿ ನಿಗದಿಯಾಗಿತ್ತು. ಆ್ಯಪುಗಳು 100 ರೂಪಾಯಿ ಪಡೆಯುತ್ತಿವೆಯೆಂದು ಪ್ರಯಾಣಿಕರು ದೂರಿದರು. ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆಯು ಆ ಆಟೋ ಸೇವೆಯನ್ನು ನಿಲ್ಲಿಸುವಂತೆ ಸೂಚಿಸಿತು. ವಿಷಯ ಹೈಕೋರ್ಟಿಗೆ ಹೋಯಿತು. ನವೆಂಬರಿನಲ್ಲಿ ಸರಕಾರವು ನಿಗದಿತ ದರದ ಮೇಲೆ ನೂರಕ್ಕೆ 5ರ ಸೇವಾಶುಲ್ಕ ಹಾಗೂ ಜಿಎಸ್‌ಟಿಗೆ ಮಾತ್ರ ಅವಕಾಶವಿತ್ತಿತು. ಅದೇ ಕಾಲಕ್ಕೆ ಆಟೋ ಚಾಲಕರ ಸಂಘದ ಬೆಂಬಲದಿಂದ ‘ನಮ್ಮ ಯಾತ್ರಿ’ ಎಂಬ ಆ್ಯಪು ಹುಟ್ಟಿತು. ದೂರು, ಕಾನೂನು, ಪರ್ಯಾಯ ಮೂರೂ ಕೂಡಿದಾಗಲೇ ಬಲ ಬಂತೆಂಬುದು ಗಮನಾರ್ಹ.

2025ರ ಜನವರಿಯಲ್ಲಿ, ಫೋನಿನ ಜಾತಿ ನೋಡಿ ದರ ಬೇರೆ ಮಾಡಲಾಗುತ್ತಿದೆಯೆಂಬ ದೂರಿನ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಓಲಾ, ಊಬರ್ ಕಂಪನಿಗಳಿಗೆ ನೋಟೀಸು ಕೊಟ್ಟಿತು. ಕಂಪನಿಗಳು ಆರೋಪವನ್ನು ಅಲ್ಲಗಳೆದವು. ಆರೋಪ ಬೇರೆ, ರುಜುವಾತು ಬೇರೆ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಮರೆಯಲಾಗದು. ಗುಟ್ಟಿನ ಲೆಕ್ಕಕ್ಕೆ ರುಜುವಾತು ಒದಗಿಸುವುದು ಸುಲಭವಲ್ಲ ಎಂಬುದೂ ಅಷ್ಟೇ ಸತ್ಯ.

ಕಾನೂನು ಗ್ರಾಹಕನ ಕೈಬಿಟ್ಟಿಲ್ಲ. 2020ರ ಇ-ವಾಣಿಜ್ಯ ನಿಯಮಗಳು ಬೆಲೆಯನ್ನು ತಿರುಚಿ ಅನುಚಿತ ಲಾಭ ಪಡೆಯುವುದನ್ನೂ ಒಂದೇ ವರ್ಗದ ಗ್ರಾಹಕರಲ್ಲಿ ತಾರತಮ್ಯ ಮಾಡುವುದನ್ನೂ ನಿಷೇಧಿಸಿವೆ. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯಲ್ಲಿ ಶುಲ್ಕ ಸೇರಿಸುವಂಥ 13 ಬಗೆಯ ಮೋಸದ ವಿನ್ಯಾಸಗಳನ್ನು 2023ರ ನವೆಂಬರಿನ ಮಾರ್ಗಸೂಚಿ ಗುರುತಿಸಿದೆ. 1915 ಎಂಬ ಸಹಾಯವಾಣಿಗೆ ದೂರು ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದಾವೆ ಹೂಡಬಹುದು. ಬಸವಕಲ್ಯಾಣದವನು ನ್ಯಾಯಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ, ಬೀದರು ಸಾಕು.

ಗ್ರಾಹಕನ ಕರ್ತವ್ಯಗಳು ಸರಳ. ಕೊಳ್ಳುವ ಮುನ್ನ ಮನೆಯ ಇನ್ನೊಂದು ಫೋನಿನಲ್ಲಿ ಬೆಲೆ ನೋಡುವುದು. ಕೊನೆಯ ಮೊತ್ತವನ್ನು ಓದಿಯೇ ಹಣ ತೆರುವುದು. ಪರದೆಯ ಚಿತ್ರವನ್ನೂ ರಸೀದಿಯನ್ನೂ ಕಾದಿಡುವುದು. ಊರಿನ ಅಂಗಡಿಯ ಧಾರಣೆಯನ್ನೂ ವಿಚಾರಿಸುವುದು. ಗಣಿತದ ಉಪಾಧ್ಯಾಯರು ಮೂರು ಫೋನುಗಳ ಬೆಲೆಯನ್ನು ಹಲಗೆಯ ಮೇಲೆ ಬರೆಯಿಸಿ ವ್ಯತ್ಯಾಸದ ಲೆಕ್ಕ ಮಾಡಿಸಿದರೆ ಅದೇ ಒಂದು ಉತ್ತಮ ಪಾಠವಾದೀತು.

ಕಲ್ಯಾಣದ ನೆಲದಲ್ಲಿ, ಪತಿ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅರಿಯದವರಿಲ್ಲ. ತನಗೆ ಸಲ್ಲುವುದೆಷ್ಟು ಎಂಬ ಅರಿವು ಆಕೆಯದು. ಯಂತ್ರಕ್ಕೆ ಆ ಅರಿವಿಲ್ಲ. ಅದನ್ನು ನಡೆಸುವವರಿಗೆ ಇರಬೇಕು. ಅವರಲ್ಲಿ ಇಲ್ಲದಾಗ ಅದನ್ನು ನೆನಪಿಸುವ ಹೊಣೆ ಕೊಳ್ಳುವವರದು. ಆ ನೆನಪು ಒಬ್ಬನ ಗೊಣಗಾಟವಾಗಿ ಉಳಿಯದೆ ನಾಲ್ವರು ಕೂಡಿ ಆಡುವ ಮಾತಾಗಬೇಕು.