ಹಳೆಯ ಹರಿಗೋಲು ಕೊಳ್ಳುವ ಮುಂಚೆ

ಅಕ್ಕಂದಿರೇ, ಹರಿಗೋಲು ನೋಡಿದ್ದೀರಲ್ಲ? ದೊಡ್ಡ ಬುಟ್ಟಿಯ ಹಾಗೆ ದುಂಡಗೆ ಇರುತ್ತದೆ. ಅದು ನಮ್ಮ ನಾಡಿನ ಬಹಳ ಹಳೆಯ ದೋಣಿ. ಸುಮಾರು 1520ರಲ್ಲಿ ಪೋರ್ಚುಗಲ್ ದೇಶದ ಡೊಮಿಂಗೊ ಪಾಯಸ್ ಎಂಬಾತ ವಿಜಯನಗರಕ್ಕೆ ಬಂದಿದ್ದ. ಬುಟ್ಟಿಯಂಥ ದೋಣಿಯಲ್ಲಿ ಜನ ತುಂಗಭದ್ರೆ ದಾಟುವುದನ್ನು ನೋಡಿ ಬರೆದಿಟ್ಟ. ಆಗ ಅದಕ್ಕೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ.

ನಮ್ಮ ಭದ್ರಾ ನದಿ ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟುತ್ತದೆ. ಕಳಸ, ಬಾಳೆಹೊನ್ನೂರು ಹಾದು ಕೆಳಗೆ ಇಳಿಯುತ್ತದೆ. ಕಳಸದ ಕಡೆ ಬರೀ ಬಂಡೆ, ಸೆಳವು. ಅಲ್ಲಿ ಗಾಳ, ಬೀಸುಬಲೆಯೇ ಸರಿ. ಹರಿಗೋಲಿಗೆ ನಿಂತ ನೀರು ಬೇಕು. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ನರಸಿಂಹರಾಜಪುರದವರೆಗೂ ಹಿನ್ನೀರು ನಿಂತಿತು. ಕಾಟ್ಲಾ, ರೋಹು, ಗೆಂಡೆ, ಬಾಳೆಮೀನು ಅಲ್ಲಿ ಸಿಗುತ್ತವೆ. ಕಾಫಿ ಕುಯಿಲು ಮುಗಿದ ಮೇಲೆ ತೋಟದಲ್ಲಿ ಕೆಲಸ ಕಡಿಮೆ. ಆಗ ಮೀನು ಹಿಡಿದರೆ ಮನೆಗೆ ನಾಲ್ಕು ಕಾಸು ಬರುತ್ತದೆ.

ಹೊಸ ಹರಿಗೋಲಿಗೆ ದುಡ್ಡು ಸಾಲದು. ಹಳೆಯದನ್ನು ಕೊಳ್ಳೋಣ ಅಂತೀರಿ. ಕೊಳ್ಳಿ, ತಪ್ಪಿಲ್ಲ. ಆದರೆ ಹೊರಗಿನ ಕಪ್ಪು ಬಣ್ಣ ನೋಡಿ ಮರುಳಾಗಬೇಡಿ. ಮಾರುವವರು ಹಿಂದಿನ ದಿನವೇ ಡಾಂಬರು ಬಳಿದು ಇಟ್ಟಿರಬಹುದು!

ಮೊದಲು ಹರಿಗೋಲನ್ನು ಬಿಸಿಲಿಗೆ ಕವುಚಿ ಹಾಕಿಸಿ. ಒಂದು ಕಡೆ ಎತ್ತಿ, ಒಳಗೆ ಬಗ್ಗಿ ನೋಡಿ. ತೂತು ಇದ್ದರೆ ಬೆಳಕು ಚುಕ್ಕಿಯಾಗಿ ಕಾಣುತ್ತದೆ. ಆಮೇಲೆ ಬಿದಿರಿನ ದಬ್ಬೆಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ. ಹಿಟ್ಟಿನಂಥ ಪುಡಿ ಉದುರಿತೇ? ಕುಟ್ಟೆ ಹುಳ ಹಿಡಿದಿದೆ ಅಂತ ತಿಳಿಯಿರಿ. ಎರಡು ಮೂರು ದಬ್ಬೆ ಹೋಗಿದ್ದರೆ ಬದಲಾಯಿಸಬಹುದು. ಬಾಯಿಕಟ್ಟೇ ಕೊಳೆತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಬಾಯಿಕಟ್ಟು ಬಿಟ್ಟರೆ ಇಡೀ ಹರಿಗೋಲು ಬಿಚ್ಚಿಕೊಳ್ಳುತ್ತದೆ.

ಕೊನೆಗೆ ಮೊಣಕಾಲುದ್ದ ನೀರಿನಲ್ಲಿ ಇಳಿಸಿ. ಒಳಗೆ ಒಬ್ಬರ ತೂಕದಷ್ಟು ಕಲ್ಲು ಹೇರಿ ಒಂದು ಗಂಟೆ ಬಿಡಿ. “ಅಷ್ಟೆಲ್ಲ ಯಾಕಮ್ಮ, ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?” ಅಂತ ಮಾರುವವರು ಕೇಳಬಹುದು. “ನಿಮ್ಮ ಮೇಲೆ ನಂಬಿಕೆ ಇದೆ, ಬಿದಿರಿನ ಮೇಲೆ ಇಲ್ಲ” ಅನ್ನಿ.

ಈಗ ಲೆಕ್ಕ. ಹಳೆಯ ಹರಿಗೋಲಿಗೆ 3000 ರೂಪಾಯಿ ಅಂತ ಇಟ್ಟುಕೊಳ್ಳೋಣ. ದಬ್ಬೆ, ಹಾಳೆ, ಡಾಂಬರು, ಕೂಲಿ ಸೇರಿ 1400. ಹೊಸ ಹುಟ್ಟು 300. ಒಟ್ಟು ಎಷ್ಟಾಯಿತು? 4700. ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಕೇಳುವಾಗ 3000 ಅಂತ ಬರೆಸಿದರೆ ನಡುವೆ ಕೈ ಕಟ್ಟುತ್ತದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮಹಿಳೆಯರಿಗೆ ವೆಚ್ಚದ ಶೇಕಡ 60ರವರೆಗೆ ಸಹಾಯಧನ ಇಟ್ಟಿದ್ದರು. ಈಗ ಹೊಸ ಹರಿಗೋಲಿಗೆ ಏನು ಸಹಾಯ ಸಿಗುತ್ತದೆ ಎಂದು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಹಳೆಯದಕ್ಕೆ ಕೈ ಹಾಕುವ ಮುಂಚೆಯೇ ಕೇಳಿ.

ರಿಪೇರಿಗೆ ಬಲಿತ ಬಿದಿರೇ ಆಗಬೇಕು. ಎಳೆಯದು ಬೇಗ ಹುಳ ಹಿಡಿಯುತ್ತದೆ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ನೆನೆ ಹಾಕಿ ಒಣಗಿಸಿದರೆ ಹುಳ ಕಡಿಮೆ. ಅಮಾವಾಸ್ಯೆ ಹತ್ತಿರ ಕಡಿಯಬೇಕು ಅನ್ನುವವರೂ ಇದ್ದಾರೆ. ನೆನೆ ಹಾಕುವುದಂತೂ ಬಿಡಬೇಡಿ. ಹಳೆಯ ಡಾಂಬರನ್ನು ಕೆರೆದು ತೆಗೆಯಿರಿ. ಹೊದಿಕೆ ಪೂರ್ತಿ ಒಣಗಲಿ. ಒದ್ದೆ ಮೇಲೆ ಬಳಿದರೆ ಎದ್ದು ಬರುತ್ತದೆ. ತೂತಿಗೆ ಬಟ್ಟೆ ತೇಪೆ ಹಾಕಿ, ಅದರ ಮೇಲೆ ಬಿಸಿ ಡಾಂಬರು ಬಳಿಯಿರಿ. ಡಾಂಬರನ್ನು ಅಂಗಳದಾಚೆ ಕಾಯಿಸಿ, ಅಡಿಗೆ ಒಲೆಯಲ್ಲಿ ಬೇಡ. ಮಕ್ಕಳು ದೂರ ಇರಲಿ. ಡಾಂಬರಿಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಸಿಡಿಯುತ್ತದೆ. ಮಣ್ಣು, ಮರಳು ಹಾಕಿ. ಒಂದು ಬುಟ್ಟಿ ಮರಳು ಮೊದಲೇ ಪಕ್ಕದಲ್ಲಿ ಇರಲಿ.

ನೀರಿಗೆ ಇಳಿಯುವವರು ಗಂಡನೋ, ಮಗನೋ, ನೀವೋ, ಯಾರೇ ಆಗಲಿ, ಲೈಫ್ ಜಾಕೆಟ್ ಹಾಕಲೇಬೇಕು. ಹರಿಗೋಲು ಗಾಳಿಗೆ ಗಿರಗಿರ ತಿರುಗುತ್ತದೆ. ಈಜು ಬರುವವರೂ ಬಲೆಯಲ್ಲಿ ಕಾಲು ಸಿಕ್ಕಿ ಮುಳುಗುತ್ತಾರೆ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಈಗ ಎಷ್ಟಿದೆ ಅಂತ ಪೇಪರಿನಲ್ಲಿ ಹಾಕುತ್ತಾರೆ, ಓದಿ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಮರದ ಬೊಡ್ಡೆಗಳು ಮೇಲಕ್ಕೆ ಬರುತ್ತವೆ. ಹೊದಿಕೆ ಹರಿಯುವುದಕ್ಕೆ ಒಂದು ಬೊಡ್ಡೆ ಸಾಕು. ಇನ್ನು ಮಳೆಗಾಲ. 2019ರಲ್ಲಿ ಕಳಸದ ಹತ್ತಿರ ಹೆಬ್ಬಾಳೆ ಸೇತುವೆಯೇ ಭದ್ರೆಯಲ್ಲಿ ಮುಳುಗಿತ್ತು. ಅಂಥ ನೀರಿಗೆ ಹರಿಗೋಲು ಯಾವ ಲೆಕ್ಕ? ಮೀನು ಮೊಟ್ಟೆ ಇಡುವುದೂ ಆಗಲೇ. ಆ ತಿಂಗಳುಗಳಲ್ಲಿ ಹರಿಗೋಲನ್ನು ಕೊಟ್ಟಿಗೆಯಲ್ಲಿ ಕವುಚಿ ಇಡಿ.

ಇನ್ನೊಂದು ಮಾತು. ಹರಿಗೋಲಿನ ಜೊತೆ ಪರವಾನಗಿ ಬರುವುದಿಲ್ಲ, ಅದು ಹಳೆಯ ಮಾಲೀಕರ ಹೆಸರಿನಲ್ಲಿ ಇರುತ್ತದೆ. ನೀವು ಇಲಾಖೆಯಿಂದ ಬೇರೆ ಪರವಾನಗಿ ಪಡೆಯಬೇಕು, ಇಲ್ಲವೆ ಗುತ್ತಿಗೆ ಹಿಡಿದ ಸಂಘದ ಒಪ್ಪಿಗೆ ಪಡೆಯಬೇಕು. ಹಿನ್ನೀರಿನ ಒಂದು ಕಡೆ ಭದ್ರಾ ಅಭಯಾರಣ್ಯ ಇದೆ. 1998ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಅದರ ಗಡಿಯೊಳಗೆ ಬಲೆ ಹಾಕಿದರೆ ಕೇಸು ಆಗುತ್ತದೆ. ಗಡಿ ಎಲ್ಲಿ ಅಂತ ಮೊದಲೇ ಕೇಳಿ ತಿಳಿಯಿರಿ.

ದುಡ್ಡು ಕೊಡುವಾಗ ರಸೀದಿ ಬರೆಸಿ. ನೀವೇ ಬರೆದರೆ ಇನ್ನೂ ಚೆನ್ನ. ಹೀಗೆ ಬರೆಯಬಹುದು:

“ಒಂದು ಹಳೆಯ ಹರಿಗೋಲು, ಒಂದು ಹುಟ್ಟು ಮಾರಿದ್ದೇನೆ. 3000 ರೂಪಾಯಿ (ಮೂರು ಸಾವಿರ) ಪೂರ್ತಿ ಬಂದಿದೆ. ಇದರ ಮೇಲೆ ಬೇರೆ ಯಾರ ಸಾಲವೂ ಇಲ್ಲ.”

ಕೆಳಗೆ ತಾರೀಖು, ಊರು, ಇಬ್ಬರ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಹಣವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಓದಿ ನೋಡಿ, ಆಮೇಲೆ ದುಡ್ಡು ಎಣಿಸಿ ಕೊಡಿ.