ಗಮನವೆಂಬ ಸಂಪತ್ತು

ಕೆರೆಯಿಲ್ಲದ ಊರಿಗೆ ಬರದ ಭಯ. ಏರಿ ಗಟ್ಟಿಯಿಲ್ಲದ ಕೆರೆಯ ಕೆಳಗಿನ ಊರಿಗೆ ನೆರೆಯ ಭಯ. ನೀರು ಇಲ್ಲದಿದ್ದರೂ ಕಷ್ಟ, ಅಳತೆ ಮೀರಿ ಬಂದರೂ ಕಷ್ಟ. ಇದನ್ನು ಅರಿತಿದ್ದ ನಮ್ಮ ಹಿರಿಯರು ಕೆರೆ ಕಟ್ಟುವಾಗ ಏರಿಯೊಂದನ್ನೇ ಕಟ್ಟಿ ಸುಮ್ಮನಾಗಲಿಲ್ಲ. ಬೇಕಾದಷ್ಟು ನೀರನ್ನು ಬೇಕಾದ ಹೊತ್ತಿಗೆ ಗದ್ದೆಗೆ ಹಾಯಿಸಲು ತೂಬನ್ನಿಟ್ಟರು. ಹೆಚ್ಚಾದ ನೀರು ಏರಿಯನ್ನು ಒಡೆಯದೆ ಹರಿದುಹೋಗಲು ಕೋಡಿಯನ್ನಿಟ್ಟರು. ಇವನ್ನೆಲ್ಲ ನೋಡಿಕೊಳ್ಳಲು ನೀರಗಂಟಿಯನ್ನು ನೇಮಿಸಿದರು. ಮಾಹಿತಿಯೂ ನೀರಿನಂತೆಯೇ. ಅದಿಲ್ಲದೆ ಬಾಳು ಸಾಗದು. ಆದರೆ ಅದಕ್ಕೂ ತೂಬು ಬೇಕು, ಕೋಡಿ ಬೇಕು, ಎಚ್ಚರವಾಗಿರುವ ನೀರಗಂಟಿಯೊಬ್ಬನು ಬೇಕು.

ಮಾಹಿತಿಗೆ ಬರವಿದ್ದ ಕಾಲವೊಂದಿತ್ತು. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಟಿತು. ಅದು ಮೊದಲಿಗೆ ಪ್ರಕಟವಾಗುತ್ತಿದ್ದುದು ಪಕ್ಷಕ್ಕೊಮ್ಮೆ. ಅಂದಿನ ಓದುಗನಿಗೆ ಒಂದು ಸಂಚಿಕೆಯನ್ನು ಓದಿ, ನೆರೆಯವರಿಗೆ ಓದಿ ಹೇಳಿ, ಅದರ ಬಗ್ಗೆ ಆಲೋಚಿಸಲು ಹದಿನೈದು ದಿನಗಳ ಅವಕಾಶವಿತ್ತು. ಇಂದು ಅಂಗೈಯಗಲದ ಮೊಬೈಲಿಗೆ ಹದಿನೈದು ನಿಮಿಷಗಳಲ್ಲಿ ಬಂದು ಬೀಳುವ ಬರಹ, ಚಿತ್ರ, ಧ್ವನಿಗಳನ್ನು ಪೂರ್ತಿಯಾಗಿ ನೋಡಲು ಒಂದು ದಿನವೂ ಸಾಲದು.

ಹಾಗೆಂದು ಈ ಸಂಕಟ ನಮ್ಮ ಕಾಲಕ್ಕೇ ಮೀಸಲಾದುದೆಂದು ತಿಳಿಯಬೇಕಾಗಿಲ್ಲ. ಪುಸ್ತಕಗಳು ಅತಿಯಾದರೆ ಮನಸ್ಸು ಚೆದರುವುದೆಂದು ರೋಮಿನ ತತ್ತ್ವಜ್ಞಾನಿ ಸೆನೆಕ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಎಚ್ಚರಿಸಿದ್ದನು. ಹದಿನೈದನೆಯ ಶತಮಾನದಲ್ಲಿ ಯುರೋಪಿನಲ್ಲಿ ಮುದ್ರಣಯಂತ್ರ ಬಂದ ಬಳಿಕ ಗ್ರಂಥಗಳು ಹೊಳೆಯಾಗಿ ಹರಿದವು. ಅವುಗಳ ನಡುವೆ ದಾರಿ ಕಾಣದವರಿಗಾಗಿ ಜ್ಯೂರಿಕ್ ನಗರದ ಕಾನ್ರಾಡ್ ಗೆಸ್ನರ್ ಎಂಬ ವಿದ್ವಾಂಸನು ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳ ಗ್ರಂಥಗಳ ಬೃಹತ್ ಸೂಚಿಯೊಂದನ್ನು 1545ರಲ್ಲಿ ಪ್ರಕಟಿಸಿದನು. ಅಕಾರಾದಿ, ವಿಶ್ವಕೋಶ, ಗ್ರಂಥಸೂಚಿ ಮೊದಲಾದ ಸಾಧನಗಳು ಬೆಳೆದುದು ಈ ಅಗತ್ಯದಿಂದಲೇ. ಅವು ಜ್ಞಾನದ ಕೆರೆಗೆ ಇಟ್ಟ ತೂಬುಗಳು.

ಹಾಗಾದರೆ ಮಾಹಿತಿ ಹೆಚ್ಚಾದಾಗ ಕಡಿಮೆಯಾಗುವುದು ಯಾವುದು? ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಕೊಟ್ಟವರು ಅಮೆರಿಕದ ಹರ್ಬರ್ಟ್ ಸೈಮನ್. ಅರ್ಥಶಾಸ್ತ್ರಕ್ಕಾಗಿ 1978ರ ನೊಬೆಲ್ ಪ್ರಶಸ್ತಿಯನ್ನು ಪಡೆದ ಈ ವಿದ್ವಾಂಸರು 1971ರ ಬರಹವೊಂದರಲ್ಲಿ ಹೀಗೆ ವಿವೇಚಿಸಿದ್ದಾರೆ: ಸಮೃದ್ಧಿ ಎಂದಾಗ ಅದು ಇನ್ನೊಂದನ್ನು ತಿಂದು ಬೆಳೆದಿರಲೇಬೇಕು. ಮೊಲಗಳು ಹೆಚ್ಚಿದರೆ ಲೆಟಿಸ್ ಸೊಪ್ಪು ಕಡಿಮೆಯಾಗುತ್ತದೆ. ಮಾಹಿತಿ ತಿನ್ನುವುದು ಮನುಷ್ಯನ ಗಮನವನ್ನು. ಆದುದರಿಂದ ಮಾಹಿತಿ ಹೇರಳವಾದ ನಾಡಿನಲ್ಲಿ ಗಮನಕ್ಕೆ ಬಡತನ ಬರುತ್ತದೆ. ಸಾಮಾಜಿಕ ಜಾಲತಾಣಗಳು ಹುಟ್ಟುವುದಕ್ಕೆ ಎರಡು ದಶಕಗಳಿಗೂ ಮೊದಲೇ ಮಾಡಿದ ಈ ವಿವೇಚನೆ ಇಂದಿಗೂ ಸತ್ಯವಾಗಿದೆ.

2004ರಲ್ಲಿ ಫೇಸ್‌ಬುಕ್, 2005ರಲ್ಲಿ ಯೂಟ್ಯೂಬ್, 2006ರಲ್ಲಿ ಟ್ವಿಟರ್, 2009ರಲ್ಲಿ ವಾಟ್ಸ್‌ಆ್ಯಪ್, 2010ರಲ್ಲಿ ಇನ್‌ಸ್ಟಾಗ್ರಾಮ್ ಆರಂಭವಾದವು. ಟ್ವಿಟರ್ 2023ರಲ್ಲಿ ‘ಎಕ್ಸ್’ ಎಂಬ ಹೆಸರನ್ನು ತಳೆಯಿತು. ಹಿಂದೆ ಓದುಗನು ಪುಸ್ತಕವನ್ನು ಅರಸಿಕೊಂಡು ಹೋಗುತ್ತಿದ್ದನು. ಈಗ ಮಾಹಿತಿಯೇ ಓದುಗನನ್ನು ಅರಸಿಕೊಂಡು ಬರುತ್ತದೆ. ಪುಸ್ತಕಕ್ಕೆ ಕೊನೆಯ ಪುಟವಿರುತ್ತದೆ. ಪತ್ರಿಕೆಗೆ ಕೊನೆಯ ಅಂಕಣವಿರುತ್ತದೆ. ಬೆರಳಿನಿಂದ ಮೇಲಕ್ಕೆ ಸರಿಸಿದಷ್ಟೂ ಹೊಸತನ್ನು ತೋರುವ ಜಾಲತಾಣದ ಪುಟಕ್ಕೆ ಕೊನೆಯೆಂಬುದಿಲ್ಲ. ಇದು ಆಕಸ್ಮಿಕವಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್‌ಗಳನ್ನು ಬಳಸಲು ನಾವು ಹಣ ಕೊಡಬೇಕಾಗಿಲ್ಲ. ಅವುಗಳ ಮುಖ್ಯ ವರಮಾನ ಬರುವುದು ಜಾಹೀರಾತಿನಿಂದ. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಜಾಹೀರಾತುಗಳನ್ನು ತೋರಿಸಬಹುದು. ಹಣ ಕೊಡದವನು ತನ್ನ ಗಮನವನ್ನು ಬೆಲೆಯಾಗಿ ಕೊಡುತ್ತಾನೆ.

ಈ ಸಾಧನಗಳಿಂದ ಉಪಕಾರವೇ ಇಲ್ಲವೆಂದು ಹೇಳಿದರೆ ಅದು ಅನ್ಯಾಯವಾದೀತು. ದೂರದೇಶದಲ್ಲಿರುವ ಮಗನ ಮುಖವನ್ನು ಹಳ್ಳಿಯ ತಾಯಿ ದಿನವೂ ನೋಡಬಲ್ಲಳು. ರೈತನು ಬೆಳೆಗೆ ತಗುಲಿದ ರೋಗದ ಚಿತ್ರವನ್ನು ತೆಗೆದು ಕಳಿಸಿ, ಕೃಷಿತಜ್ಞರ ಸಲಹೆಯನ್ನು ಅಂದೇ ಪಡೆಯಬಲ್ಲನು. ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡುವ ಗೃಹಿಣಿಗೆ ಪೇಟೆಯಲ್ಲಿ ಅಂಗಡಿಯಿಲ್ಲದೆಯೂ ಗಿರಾಕಿಗಳು ದೊರೆಯುತ್ತಾರೆ. ಆದರೆ ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಗಾದೆಯನ್ನು ಇಲ್ಲಿ ಮರೆಯಬಾರದು.

ಗ್ರಾಮವೊಂದರ ಶಾಲೆಯ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳೋಣ. ಅವರ ಮೊಬೈಲಿನಲ್ಲಿ ಇಲಾಖೆಯ ಗುಂಪು, ಸಹೋದ್ಯೋಗಿಗಳ ಗುಂಪು, ಪೋಷಕರ ಗುಂಪು, ಹಳೆಯ ಸಹಪಾಠಿಗಳ ಗುಂಪು, ತವರಿನ ಗುಂಪು ಎಲ್ಲವೂ ಇವೆ. ಬೆಳಗಾಗುವಷ್ಟರಲ್ಲಿ ಹೂವಿನ ಚಿತ್ರಗಳೊಡನೆ ಹತ್ತಾರು ‘ಶುಭೋದಯ’ಗಳು ಬಂದಿರುತ್ತವೆ. ಅವುಗಳ ನಡುವೆ ಪರೀಕ್ಷೆಯ ದಿನಾಂಕ ಬದಲಾದ ಸುತ್ತೋಲೆಯೊಂದು ಹುದುಗಿರುತ್ತದೆ. ಅದನ್ನು ಕಾಣದಿದ್ದರೆ ಕೆಲಸ ಕೆಡುತ್ತದೆ. ಎಲ್ಲಿ ಕಾಣದೆ ಹೋಗುವುದೋ ಎಂಬ ಅಂಜಿಕೆಯಿಂದ ಗಳಿಗೆಗೊಮ್ಮೆ ನೋಡುತ್ತಿದ್ದರೆ ಪಾಠ ಕೆಡುತ್ತದೆ. ರಾತ್ರಿ ಊಟಕ್ಕೆ ಕುಳಿತಾಗಲೂ ಕಚೇರಿ ಅವರ ಮಗ್ಗುಲಲ್ಲೇ ಕುಳಿತಿರುತ್ತದೆ. ಇಲ್ಲಿ ತಪ್ಪು ಅವರ ಶ್ರದ್ಧೆಯದಲ್ಲ. ಉದ್ಯೋಗದ ಮಾತು, ಮನೆಯ ಮಾತು, ಕಾಲಕ್ಷೇಪದ ಮಾತು ಒಂದೇ ಕಾಲುವೆಯಲ್ಲಿ ಹರಿಯುತ್ತಿರುವುದೇ ತೊಡಕಿಗೆ ಮೂಲ.

ಒಂದು ಕೆಲಸದಿಂದ ಇನ್ನೊಂದಕ್ಕೆ ಜಿಗಿಯುವಾಗ ಮನಸ್ಸು ತೆರುವ ದಂಡವನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಮೊದಲ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದವರ ಗಮನದ ಒಂದು ಪಾಲು ಅಲ್ಲಿಯೇ ಉಳಿದು, ಎರಡನೆಯ ಕೆಲಸ ಸೊರಗುವುದೆಂದು ಸೋಫಿ ಲೆರಾಯ್ ಅವರು 2009ರಲ್ಲಿ ತೋರಿಸಿಕೊಟ್ಟರು. ನಡುನಡುವೆ ತಡೆಗೊಳಗಾದ ಜನರು ಆ ನಷ್ಟವನ್ನು ತುಂಬಲು ಅವಸರದಿಂದ ಕೆಲಸ ಮುಗಿಸುತ್ತಾರೆಂದೂ, ಅದಕ್ಕೆ ಪ್ರತಿಯಾಗಿ ಹೆಚ್ಚಿನ ಒತ್ತಡವನ್ನೂ ಬೇಸರವನ್ನೂ ಅನುಭವಿಸುತ್ತಾರೆಂದೂ ಗ್ಲೋರಿಯಾ ಮಾರ್ಕ್ ಮತ್ತು ಅವರ ಸಂಗಡಿಗರು 2008ರಲ್ಲಿ ಪ್ರಕಟಿಸಿದರು. ಓದುತ್ತಿರುವ ವಿದ್ಯಾರ್ಥಿಗೂ ಈ ಮಾತು ಅನ್ವಯಿಸುತ್ತದೆ. ಗಣಿತದ ಸಮಸ್ಯೆಯೊಂದರ ನಡುವೆ ಮೊಬೈಲು ಒಮ್ಮೆ ಮಿಡಿದರೆ, ಕಣ್ಣು ಪುಸ್ತಕಕ್ಕೆ ಮರಳಿದಷ್ಟು ಬೇಗ ಮನಸ್ಸು ಮರಳುವುದಿಲ್ಲ.

ಗಮನದ ಬಡತನದಿಂದ ಕೆಡುವುದು ಒಬ್ಬರ ಓದು ಅಥವಾ ಉದ್ಯೋಗ ಮಾತ್ರವಲ್ಲ. ಆಲೋಚಿಸಲು ಬಿಡುವಿಲ್ಲದವನು ಬಂದುದನ್ನು ಹಾಗೆಯೇ ಮುಂದಕ್ಕೆ ತಳ್ಳುತ್ತಾನೆ. 2012ರ ಆಗಸ್ಟ್ ತಿಂಗಳಲ್ಲಿ ಬೆದರಿಕೆಯ ಸಂದೇಶಗಳೂ ವದಂತಿಗಳೂ ಮೊಬೈಲಿನಿಂದ ಮೊಬೈಲಿಗೆ ಹರಡಿ, ಬೆಂಗಳೂರಿನಲ್ಲಿ ಓದುತ್ತಲೂ ದುಡಿಯುತ್ತಲೂ ಇದ್ದ ಈಶಾನ್ಯ ರಾಜ್ಯಗಳ ಸಹಸ್ರಾರು ಮಂದಿ ಕೆಲವೇ ದಿನಗಳಲ್ಲಿ ನಗರವನ್ನು ತೊರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಮ್ಮೆಗೇ ಅನೇಕರಿಗೆ ಸಂದೇಶ ಕಳಿಸುವುದನ್ನು ಕೇಂದ್ರ ಸರ್ಕಾರವು ಹದಿನೈದು ದಿನಗಳ ಕಾಲ ನಿರ್ಬಂಧಿಸಿತು.

ಇದಕ್ಕಿಂತಲೂ ದಾರುಣವಾದ ಘಟನೆ 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ನಡೆಯಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಆ ವರ್ಷ ದೇಶದ ಹಲವೆಡೆ ಹಬ್ಬಿತ್ತು. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ತಂಡವೊಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅದನ್ನೇ ಸಂಶಯಿಸಿದವರು ಹರಡಿದ ಸಂದೇಶ ವಾಟ್ಸ್‌ಆ್ಯಪ್ ಮೂಲಕ ಅವರ ಕಾರಿಗಿಂತ ಮೊದಲೇ ಮುಂದಿನ ಊರನ್ನು ತಲುಪಿತು. ಗುಂಪುಗೂಡಿದ ಜನರ ಹೊಡೆತಕ್ಕೆ ತರುಣನಾದ ಎಂಜಿನಿಯರನೊಬ್ಬನು ಪ್ರಾಣ ತೆತ್ತನು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡಲಾಗದಂತೆ ಮಿತಿಯನ್ನು ಹಾಕುವುದಾಗಿ ಪ್ರಕಟಿಸಿತು. ಯಂತ್ರಕ್ಕೆ ಮಿತಿ ಹಾಕಬಹುದು. ಆದರೆ ‘ಇದು ನಿಜವೆ?’ ಎಂದು ಕೇಳಬೇಕಾದವನು ಮನುಷ್ಯನೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ನಮ್ಮ ಗಾದೆ. ಆ ಸಂದೇಶವನ್ನು ಮುಂದೂಡಿದ ಅನೇಕರು ಪ್ರತ್ಯಕ್ಷವಾಗಿ ಏನನ್ನೂ ಕಂಡಿರಲಿಲ್ಲ.

ಈ ಪ್ರವಾಹದಲ್ಲಿ ನಮಗೆ ದಾರಿ ತೋರಬಲ್ಲ ಹಿರಿಯರೊಬ್ಬರು ಬೆಂಗಳೂರಿನಲ್ಲಿಯೇ ತಮ್ಮ ಕೊನೆಯ ವರ್ಷಗಳನ್ನು ಕಳೆದರು. ಅವರು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವೊಂದನ್ನು ಕಟ್ಟಿ, 1972ರಲ್ಲಿ ಇಲ್ಲಿಯೇ ನಿಧನರಾದರು. ಅವರ ನಾಲ್ಕನೆಯ ಸೂತ್ರ ಓದುಗನ ಕಾಲವನ್ನು ಉಳಿಸಬೇಕೆಂದು ವಿಧಿಸುತ್ತದೆ. ಒಳ್ಳೆಯ ಗ್ರಂಥಪಾಲಕನು ಓದುಗನ ಮುಂದೆ ಸಾವಿರ ಪುಸ್ತಕಗಳನ್ನು ಸುರಿಯುವುದಿಲ್ಲ. ಅವನಿಗೆ ಬೇಕಾದ ಒಂದನ್ನು ತೆಗೆದುಕೊಡುತ್ತಾನೆ. ಜಾಲತಾಣದಲ್ಲಿ ಅಂಥ ಗ್ರಂಥಪಾಲಕನಿಲ್ಲ. ಆದುದರಿಂದ ಪ್ರತಿಯೊಬ್ಬನೂ ತನಗೆ ತಾನೇ ಗ್ರಂಥಪಾಲಕನಾಗಬೇಕು.

ಅದು ಹೇಗೆ? ಮೊದಲು ಏರಿಯನ್ನು ಗಟ್ಟಿಮಾಡಬೇಕು. ದಿನದಲ್ಲಿ ಎರಡೋ ಮೂರೋ ವೇಳೆಯನ್ನು ಗೊತ್ತುಮಾಡಿಕೊಂಡು ಆಗ ಮಾತ್ರ ಸಂದೇಶಗಳನ್ನು ನೋಡುವುದು, ಓದುವಾಗಲೂ ಮಲಗುವಾಗಲೂ ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡುವುದು ಈ ಬಗೆಯ ಕಟ್ಟುಗಳು. ತುರ್ತಾದರೆ ಕರೆ ಮಾಡಿರೆಂದು ಬಳಗದವರಿಗೆ ತಿಳಿಸಿಟ್ಟರೆ ಅಂಜಿಕೆಗೆ ಕಾರಣವಿರುವುದಿಲ್ಲ. ಕೆಲಸದ ವೇಳೆ ಮುಗಿದ ಮೇಲೆ ನೌಕರರು ಸಂದೇಶಗಳಿಂದ ಬಿಡುವು ಪಡೆಯುವ ಹಕ್ಕನ್ನು ಫ್ರಾನ್ಸ್ ದೇಶವು 2017ರಿಂದ ಕಾನೂನಿನಲ್ಲಿಯೇ ಸೇರಿಸಿದೆ. ನಾವಾದರೋ ಕಾನೂನಿಗೆ ಕಾಯದೆ ಪರಸ್ಪರ ಸೌಜನ್ಯದಿಂದ ಇದನ್ನು ಪಾಲಿಸಬಹುದು.

ಎರಡನೆಯದಾಗಿ ತೂಬುಗಳನ್ನು ಬೇರೆಬೇರೆ ಇಡಬೇಕು. ಉದ್ಯೋಗಕ್ಕೆ ಒಂದು ಖಾತೆ, ಸ್ವಂತಕ್ಕೆ ಒಂದು ಖಾತೆ ಇದ್ದರೆ ಕಾಲುವೆಗಳು ಬೆರೆಯುವುದಿಲ್ಲ. ಮುಖ್ಯವಾದ ಒಂದೆರಡು ಗುಂಪುಗಳ ಸದ್ದನ್ನು ಮಾತ್ರ ಉಳಿಸಿ, ಮಿಕ್ಕವನ್ನು ಮೌನವಾಗಿರಿಸಬೇಕು. ಸಂಘ ಸಂಸ್ಥೆಗಳ ಖಾತೆ ಅದನ್ನು ನಡೆಸುವ ವ್ಯಕ್ತಿಯ ಸ್ವತ್ತಲ್ಲ. ಕಾರ್ಯದರ್ಶಿ ಬದಲಾಗುವಾಗ ಕಡತ, ಬೀಗದ ಕೈಗಳೊಡನೆ ಆ ಖಾತೆಯ ಪಾಸ್‌ವರ್ಡನ್ನೂ ವಹಿಸಿಕೊಡಬೇಕು. ಹೊಸಬರು ಅದನ್ನು ಕೂಡಲೇ ಬದಲಾಯಿಸಿಕೊಳ್ಳಬೇಕು.

ಮೂರನೆಯದು ಕೋಡಿ. ಬಂದ ಎಲ್ಲವನ್ನೂ ಓದಲೇಬೇಕೆಂಬ ನಿಯಮವಿಲ್ಲ. ಬೇಡವಾದುದನ್ನು ನಿಶ್ಚಿಂತೆಯಿಂದ ಹರಿಯಬಿಡುವುದೂ ಒಂದು ವಿವೇಕ. ಆದರೆ ಬೇಡವಾದುದು ಇನ್ನೊಬ್ಬರ ಕೆರೆಗೆ ಹರಿಯಬಾರದು. ಮೂಲ ತಿಳಿಯದ, ದಿನಾಂಕವಿಲ್ಲದ, ಭಯವನ್ನೋ ರೋಷವನ್ನೋ ಕೆರಳಿಸುವ ಸಂದೇಶ ನಮ್ಮಲ್ಲಿಯೇ ನಿಲ್ಲಲಿ.

ಕೊನೆಯದಾಗಿ, ಬೇಸಗೆಯಲ್ಲಿ ಕೆರೆಯ ಹೂಳೆತ್ತುವಂತೆ ವರ್ಷಕ್ಕೊಮ್ಮೆ ಖಾತೆಗಳ ಹೂಳನ್ನೂ ಎತ್ತಬೇಕು. ಯಾವ ಯಾವ ಖಾತೆಗಳಿವೆಯೆಂದು ಒಂದು ಹಾಳೆಯಲ್ಲಿ ಬರೆದು, ಬಳಸದವನ್ನು ಮುಚ್ಚಬೇಕು. ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸಿದರೆ ಒಂದು ಬೀಗ ಮುರಿದವನಿಗೆ ಮನೆಯ ಎಲ್ಲ ಬಾಗಿಲುಗಳೂ ತೆರೆಯುತ್ತವೆ; ಆದುದರಿಂದ ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್, ಜೊತೆಗೆ ಎರಡು ಹಂತದ ಪರಿಶೀಲನೆ ಅವಶ್ಯ. ಓಟಿಪಿಯನ್ನು ಯಾರಿಗೂ ಹೇಳಬಾರದು. ವಂಚನೆಯಿಂದ ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ಸಹಾಯವಾಣಿಗೆ ಕರೆ ಮಾಡಬೇಕು.

ಇವು ದೊಡ್ಡ ವ್ರತಗಳೇನೂ ಅಲ್ಲ. ನೀರಗಂಟಿ ಕೆರೆಯನ್ನು ದ್ವೇಷಿಸುವುದಿಲ್ಲ, ಮಳೆಯನ್ನು ಶಪಿಸುವುದಿಲ್ಲ. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಬೇಕೆಂದು ಮಾತ್ರ ಅವನು ಬಲ್ಲನು. ಕಳೆದ ಹಣವನ್ನು ಮತ್ತೆ ದುಡಿದು ಗಳಿಸಬಹುದು. ಕಳೆದ ಗಮನದೊಡನೆ ಹೋದ ಗಳಿಗೆ ಮರಳಿ ಬಾರದು. ನಿಮ್ಮ ಮುಂದೆ ಓದಬೇಕಾದ ಪುಸ್ತಕಗಳಿವೆ, ಕಲಿಯಬೇಕಾದ ಕಸುಬುಗಳಿವೆ, ಮಾತಿಗಾಗಿ ಕಾದಿರುವ ಅಜ್ಜ ಅಜ್ಜಿಯರಿದ್ದಾರೆ. ಗಮನದ ತೂಬಿನ ಕೀಲಿ ನಿಮ್ಮ ಕೈಯಲ್ಲಿಯೇ ಇರಲಿ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕನ್ನಡದ ಮೊದಲ ವೃತ್ತಪತ್ರಿಕೆ ಯಾವುದು?
2. ಮಾಹಿತಿ ಹೆಚ್ಚಾದಾಗ ಕಡಿಮೆಯಾಗುವುದು ಯಾವುದು?
3. ರಂಗನಾಥನ್ ಅವರ ನಾಲ್ಕನೆಯ ಸೂತ್ರ ಏನನ್ನು ವಿಧಿಸುತ್ತದೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಜಾಲತಾಣದ ಪುಟಕ್ಕೆ ಕೊನೆಯಿಲ್ಲದಿರುವುದು ಆಕಸ್ಮಿಕವಲ್ಲ ಏಕೆ?
2. ಶಿಕ್ಷಕಿಯ ತೊಡಕಿಗೆ ಮೂಲವೇನು? ಅದನ್ನು ಹೇಗೆ ಪರಿಹರಿಸಬಹುದು?
3. ಮುರ್ಕಿ ಗ್ರಾಮದ ಘಟನೆಯಿಂದ ನಾವು ಕಲಿಯಬೇಕಾದುದೇನು?

ಇ. ಸಂದರ್ಭದೊಡನೆ ವಿವರಿಸಿರಿ.
1. “ಹಣ ಕೊಡದವನು ತನ್ನ ಗಮನವನ್ನು ಬೆಲೆಯಾಗಿ ಕೊಡುತ್ತಾನೆ.”
2. “ಬೇಡವಾದುದು ಇನ್ನೊಬ್ಬರ ಕೆರೆಗೆ ಹರಿಯಬಾರದು.”

ಈ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ.